ಡಚೆಸ್ಸಮ್ಮನ ಪಟ, ಧಣಿಗಳ ತಳವಾರ

ಗೌಡರ ಮನೆಯಲ್ಲಿ ಒಂದು ಹಿತ್ತಾಳೆ ಚೆಂಬು ಕಾಣೆಯಾದರೆ ಮೊದಲು ತಡಕುತ್ತಿದ್ದುದು ಯಾರ ಗುಡಿಸಲು? ಇದಕ್ಕೆ ಉತ್ತರ ಹೇಳೋಕೆ ಯಾವ ಪತ್ತೇದಾರನೂ ಬೇಕಿಲ್ಲ. ನಮ್ಮ ಕೇರಿಯ ಅಜ್ಜಿಯರನ್ನು ಕೇಳಿದರೆ ಸಾಕು. ಗುಡಿಸಲಿಗೆ ನುಗ್ಗಿ ಮಡಕೆ ಬೋರಲು ಹಾಕುತ್ತಿದ್ದರು, ಹಿಟ್ಟಿನೊಳಗೆ ಕೋಲು ತಿವಿಯುತ್ತಿದ್ದರು, ಗಂಡಸರನ್ನು ಚಾವಡಿಯ ಕಂಬಕ್ಕೆ ಕಟ್ಟುತ್ತಿದ್ದರು. ಆಮೇಲೆ ಆ ಚೆಂಬು ಗೌಡರ ಬಾವಿಯಲ್ಲೇ ಸಿಕ್ಕಿದರೂ ಒಡೆದ ಮಡಕೆ ಒಡೆದದ್ದೇ, ಬಿದ್ದ ಏಟು ಬಿದ್ದದ್ದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆ. ಕದಿಯದೇ ಇದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಜನ ನಾವು.

ಇದರ ಇನ್ನೊಂದು ಮಗ್ಗುಲು ನೋಡಿ. ನಮ್ಮ ಕೇರಿಯಿಂದ ಕಳವಾದದ್ದು ಏನೇನು? ತಲೆತಲಾಂತರದ ಕೂಲಿ. ಹೆಬ್ಬೆಟ್ಟು ಒತ್ತಿಸಿಕೊಂಡ ಇನಾಮು ನೆಲ. ಅಕ್ಷರ. ಮಾನ. ಇಷ್ಟೆಲ್ಲ ಹೋದಾಗ ಯಾರೂ ಲಾಟೀನು ಹಿಡಿದು ಹೆಜ್ಜೆಗುರುತು ಹುಡುಕಲಿಲ್ಲ. ಯಾಕೆಂದರೆ ಅದಕ್ಕೆ ಕಳವು ಎಂಬ ಹೆಸರೇ ಇರಲಿಲ್ಲ. ಅದಕ್ಕೆ ಪದ್ಧತಿ ಎಂದು ಹೆಸರು.

ಹಾಸ್ಟೆಲಿನ ಮಂಕು ದೀಪದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದವರು ನಾವು. ಕೊನೆಯ ಹಾಳೆ ಹರಿದು ಹೋಗಿದ್ದರೆ ಕಳ್ಳ ಯಾರು ಅಂತ ನಾವೇ ಜಗಳವಾಡಿ ತೀರ್ಮಾನಿಸಿದ್ದೇವೆ. ಆ ಪುಸ್ತಕಗಳ ಮೇಲೆ ನಮಗೆ ಸಿಟ್ಟಿಲ್ಲ. ಎಷ್ಟೋ ಜನರಿಗೆ ಓದಿನ ರುಚಿ ಹತ್ತಿಸಿದ ಪುಸ್ತಕಗಳು ಅವು. ಆದರೆ ಇವತ್ತು ಬೇರೆ ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. ಕಳ್ಳ ಯಾರು ಎಂಬುದಲ್ಲ. ಪತ್ತೇದಾರ ಯಾರು? ಅವನಿಗೆ ಸಂಬಳ ಕೊಡುವವರು ಯಾರು? ಅವನ ಕಣ್ಣು ಯಾವ ಕಡೆ ನೋಡುತ್ತದೆ, ಯಾವ ಕಡೆ ಮುಚ್ಚಿರುತ್ತದೆ? ಇದಕ್ಕೆ ಉತ್ತರ ಹುಡುಕಲು ವಿಕ್ಟೋರಿಯಾ ರಾಣಿಯ ಕಾಲದ ಒಂದು ನಿಜವಾದ ಕಳವಿನ ಕಥೆಯನ್ನು ಇಲ್ಲಿ ಬಿಚ್ಚಿಡುತ್ತೇವೆ.

*

1876ರ ಮೇ 6. ಲಂಡನ್ನಿನ ಕ್ರಿಸ್ಟೀಸ್ ಹರಾಜುಕಟ್ಟೆಯಲ್ಲಿ ಒಂದು ಪಟ ಹರಾಜಿಗೆ ಬಂತು. ಬರೆದವನು ಥಾಮಸ್ ಗೇನ್ಸ್‌ಬರೋ, 1780ರ ದಶಕದಲ್ಲಿ. ಪಟದಲ್ಲಿದ್ದವಳು ಡೆವನ್‌ಶೈರ್ ಮನೆತನದ ಡಚೆಸ್ ಜಾರ್ಜಿಯಾನ. ತಲೆಯ ಮೇಲೆ ಗರಿ ಸಿಕ್ಕಿಸಿದ ಅಗಲವಾದ ಟೋಪಿ, ತುಟಿಯಲ್ಲಿ ಸಣ್ಣ ನಗು. ಬದುಕಿದ್ದಾಗ ಇಡೀ ಲಂಡನ್ನೇ ಅವಳ ಉಡುಪನ್ನು ನಕಲು ಮಾಡುತ್ತಿತ್ತು. ಜೂಜಿನಲ್ಲಿ ಅವಳು ಮಾಡಿದ ಸಾಲಕ್ಕೆ ಲೆಕ್ಕವಿರಲಿಲ್ಲ. ಆ ಗರಿಗೆ, ಆ ಜೂಜಿಗೆ ದುಡ್ಡು ಎಲ್ಲಿಂದ? ಡ್ಯೂಕನ ಜಮೀನಿನ ಗೇಣಿಯಿಂದ. ಇಂಗ್ಲೆಂಡಿನಲ್ಲಿ ಚಾಟ್ಸ್‌ವರ್ತ್ ಅರಮನೆಯ ಸುತ್ತಲಿನ ನೆಲ ಮಾತ್ರವಲ್ಲ, ಕಡಲಾಚೆ ಐರ್ಲೆಂಡಿನ ಲಿಸ್ಮೋರಿನಲ್ಲೂ ಅವರ ಕೋಟೆ, ಅವರ ನೆಲ, ಅವರ ಗೇಣಿದಾರರು. ಈ ಐರಿಷ್ ರೈತರನ್ನು ನೆನಪಿಡಿ, ಅಂಥವರ ಮಕ್ಕಳು ಈ ಕಥೆಯಲ್ಲಿ ಮತ್ತೆ ಬರುತ್ತಾರೆ.

ಪಟ ಅರಮನೆಯಿಂದ ಯಾವಾಗಲೋ ಕಣ್ಮರೆಯಾಗಿ, ಕೊನೆಗೆ ಒಬ್ಬ ವಯಸ್ಸಾದ ಶಾಲಾ ಮೇಡಂ ಮನೆಯಲ್ಲಿ ಸಿಕ್ಕಿತು. ಅಗ್ಗಿಷ್ಟಿಕೆಯ ಮೇಲಿನ ಜಾಗಕ್ಕೆ ಪಟ ಹಿಡಿಸದೆ ಆಕೆ ಡಚೆಸ್ಸಳನ್ನು ಕಾಲಿನ ಕಡೆಯಿಂದ ಕತ್ತರಿಸಿ ಹಾಕಿದ್ದಳು! 1841ರಲ್ಲಿ 56 ಪೌಂಡಿಗೆ ಮಾರಿದಳು. ಅದೇ ಪಟ 1876ರಲ್ಲಿ ಹರಾಜಾದದ್ದು 10,100 ಗಿನಿಗೆ, ಅಂದರೆ 10,605 ಪೌಂಡಿಗೆ. ಆ ಕಾಲಕ್ಕೆ ಒಂದು ಪಟಕ್ಕೆ ಅದು ಭಾರಿ ಬೆಲೆ. ಆ ಕಾಲದ ಲಂಡನ್ನಿನಲ್ಲಿ ಕಸ ಗುಡಿಸಿ ಪಾತ್ರೆ ತಿಕ್ಕುವ ಹೆಣ್ಣುಮಗಳಿಗೆ ವರ್ಷಕ್ಕೆ 20 ಪೌಂಡು ಸಿಕ್ಕರೆ ಅದೇ ಹೆಚ್ಚು. ಅಂಥವಳು ಐನೂರು ವರ್ಷಕ್ಕೂ ಹೆಚ್ಚು ದುಡಿದು, ಒಂದು ಕಾಸೂ ತಿನ್ನದೆ ಕೂಡಿಟ್ಟರೆ ಆ ಟೋಪಿಯಮ್ಮನ ಪಟ ಕೊಳ್ಳಬಹುದಿತ್ತು.

ಪಟ ಕೊಂಡ ವ್ಯಾಪಾರಿ ಆಗ್ನ್ಯೂ ಅದನ್ನು ಓಲ್ಡ್ ಬಾಂಡ್ ಸ್ಟ್ರೀಟಿನ ತನ್ನ ಅಂಗಡಿಯಲ್ಲಿ ನೋಡುವವರಿಗೆ ಇಟ್ಟ. ಅಮೆರಿಕದ ಲೇವಾದೇವಿ ಧಣಿ ಜೂನಿಯಸ್ ಮೋರ್ಗನ್ ಆಗಲೇ ಪಟಕ್ಕೆ ಮಾತುಕತೆ ನಡೆಸಿದ್ದ, ಮಗ ಪಿಯರ್‌ಪಾಂಟನಿಗೆ ಉಡುಗೊರೆ ಕೊಡಲು. ಅಷ್ಟರಲ್ಲಿ ಅದೇ ಮೇ ತಿಂಗಳ ಕೊನೆಯ ವಾರ, ಒಂದು ರಾತ್ರಿ, ಒಬ್ಬ ಗಿಡ್ಡ ಮನುಷ್ಯ ಇನ್ನೊಬ್ಬ ದಾಂಡಿಗನ ಹೆಗಲೇರಿ ಮಹಡಿಯ ಕಿಟಕಿ ಮೀಟಿ ಒಳಗೆ ಹೋದ. ಚೌಕಟ್ಟಿನಿಂದ ಪಟ ಕುಯ್ದು, ಸುರುಳಿ ಸುತ್ತಿ, ಕೋಟಿನೊಳಗೆ ಇಟ್ಟುಕೊಂಡು ಇಳಿದು ಹೋದ. ಬೆಳಗಾದರೆ ಖಾಲಿ ಚೌಕಟ್ಟು.

ಲಂಡನ್ ಬೊಬ್ಬೆ ಹಾಕಿತು. ಆಗ್ನ್ಯೂ 1,000 ಪೌಂಡು ಬಹುಮಾನ ಸಾರಿದ. ಸ್ಕಾಟ್ಲೆಂಡ್ ಯಾರ್ಡ್ ಪೊಲೀಸರು ತಡಕಿದರು. ಪಟ ಸಿಗಲಿಲ್ಲ, 25 ವರ್ಷ ಸಿಗಲಿಲ್ಲ.

*

ಕದ್ದವನು ಆಡಂ ವರ್ತ್. 1844ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಬಡ ಯಹೂದಿ ದರ್ಜಿಯ ಮಗ, ಕೂಸಾಗಿದ್ದಾಗ ಅಮೆರಿಕಕ್ಕೆ ಬಂದವನು. ಅಲ್ಲಿನ ಅಂತರ್ಯುದ್ಧದಲ್ಲಿ ಸೈನಿಕನಾದ. ಸತ್ತವರ ಪಟ್ಟಿಯಲ್ಲಿ ತಪ್ಪಾಗಿ ತನ್ನ ಹೆಸರು ಸೇರಿದ್ದೇ ಅವನಿಗೆ ವರವಾಯಿತು. ಬೇರೆ ಬೇರೆ ಹೆಸರಲ್ಲಿ ಸೈನ್ಯ ಸೇರಿ, ಭರ್ತಿಯ ಇನಾಮು ತಗೊಂಡು ಓಡಿಹೋಗುವ ಕಸುಬು ಹಿಡಿದ. 1869ರಲ್ಲಿ ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬ್ಯಾಂಕಿನ ಪಕ್ಕದ ಅಂಗಡಿ ಬಾಡಿಗೆ ಹಿಡಿದು, ಗೋಡೆ ಕೊರೆದು ಬ್ಯಾಂಕು ಲೂಟಿ ಮಾಡಿದ. ಆಮೇಲೆ ಪ್ಯಾರಿಸ್, ಆಮೇಲೆ ಲಂಡನ್. ಲಂಡನ್ನಿನಲ್ಲಿ ಅವನ ಹೆಸರು ಹೆನ್ರಿ ರೇಮಂಡ್. ಕ್ಲಾಪಮ್ಮಿನಲ್ಲಿ ದೊಡ್ಡ ಬಂಗಲೆ, ಜೂಜಿನ ಕುದುರೆಗಳು. ದೊಡ್ಡ ಮನುಷ್ಯರ ನಡುವೆ ದೊಡ್ಡ ಮನುಷ್ಯ.

ಪಟ ಕದ್ದದ್ದು ಯಾಕೆ? ನಕಲಿ ಚೆಕ್ಕಿನ ಮೊಕದ್ದಮೆಯಲ್ಲಿ ಅವನ ತಮ್ಮ ಜೈಲು ಸೇರಿದ್ದ. ಪಟ ಒತ್ತೆಯಿಟ್ಟುಕೊಂಡು ಆಗ್ನ್ಯೂನಿಂದಲೇ ತಮ್ಮನಿಗೆ ಜಾಮೀನು ಕೊಡಿಸುವುದು ಲೆಕ್ಕ. ಅಷ್ಟರಲ್ಲಿ ಕಾನೂನಿನ ಯಾವುದೋ ಸಂದಿನಿಂದ ತಮ್ಮ ಬಿಡುಗಡೆಯಾಗಿಬಿಟ್ಟ. ಕೈಯಲ್ಲಿ ಪಟ ಉಳಿಯಿತು. ಮಾರುವ ಹಾಗಿಲ್ಲ, ತೋರಿಸುವ ಹಾಗಿಲ್ಲ. ಎರಡು ತಳದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಊರೂರು ತಿರುಗಿದ, ಕೊನೆಗೆ ಅಮೆರಿಕದ ಉಗ್ರಾಣದಲ್ಲಿ ಬಚ್ಚಿಟ್ಟ.

ಈ ವರ್ತನನ್ನು ನಾವು ಹೀರೋ ಮಾಡುವುದಿಲ್ಲ. ಬಡವನಾಗಿ ಹುಟ್ಟಿದ ಎಂಬ ಒಂದೇ ಕಾರಣಕ್ಕೆ ಅವನು ನಮ್ಮವನಾಗುವುದಿಲ್ಲ. ಧಣಿಗಳ ಮನೆ ಮುರಿಯುವುದು ಅವನ ಆಸೆಯಾಗಿರಲಿಲ್ಲ, ಆ ಮನೆಯೊಳಗೆ ತಾನೂ ಒಂದು ಕುರ್ಚಿ ಹಾಕಿಕೊಂಡು ಕೂರುವುದು ಆಸೆ. ಆದರೂ ಒಂದು ಮಾತು ಹೇಳಲೇಬೇಕು. ಅವನ ಕಳವಿನಿಂದ ಯಾರ ಒಲೆಯೂ ಆರಲಿಲ್ಲ. ಒಂದು ಗೋಡೆ ಖಾಲಿಯಾಯಿತು, ಅಷ್ಟೇ.

*

ಈಗ ಪತ್ತೇದಾರನ ಕಡೆ ಬರೋಣ. ಈ ಲೇಖನ ಬರೆಯಲು ಕಾರಣವೇ ಅವನು.

ಅಲನ್ ಪಿಂಕರ್ಟನ್ 1819ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ಗೋರ್ಬಲ್ಸ್ ಎಂಬ ಬಡವರ ಕೇರಿಯಲ್ಲಿ ಹುಟ್ಟಿದ. ಕಸುಬು ಮರದ ಪೀಪಾಯಿ ಮಾಡುವುದು. ಹರೆಯದಲ್ಲಿ ಚಾರ್ಟಿಸ್ಟ್ ಚಳವಳಿಗೆ ಬಿದ್ದ. ಆಸ್ತಿ ಇಲ್ಲದ ದುಡಿಯುವ ಗಂಡಸಿಗೂ ಓಟು ಬೇಕು ಅಂತ 1838ರಿಂದ ಬ್ರಿಟನ್ನಿನ ಕಾರ್ಮಿಕರು ಎದ್ದು ನಿಂತ ಚಳವಳಿ ಅದು. ಮನವಿ ಕೊಟ್ಟು ಕೂತರೆ ಸಾಲದು, ಬೇಕಾದರೆ ಕೈ ಎತ್ತಲೂ ಸಿದ್ಧ ಎನ್ನುವ ಗುಂಪಿನಲ್ಲಿದ್ದ ಈ ಪೀಪಾಯಿ ಹುಡುಗ. 1842ರಲ್ಲಿ ಅಮೆರಿಕಕ್ಕೆ ಹೋದದ್ದು ಪೊಲೀಸರ ಕೈಗೆ ಸಿಗಬಾರದು ಅಂತಲೇ ಎಂದು ಹೇಳ್ತಾರೆ. ಅಲ್ಲಿ ಷಿಕಾಗೋ ಹತ್ತಿರದ ಹಳ್ಳಿಯಲ್ಲಿ ಪೀಪಾಯಿ ಅಂಗಡಿ ಹಾಕಿದ. ಓಡಿಬಂದ ಕರಿಯ ಗುಲಾಮರನ್ನು ಮನೆಯಲ್ಲಿ ಬಚ್ಚಿಟ್ಟು ಕೆನಡಾ ಕಡೆಗೆ ದಾಟಿಸಿದ. ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್ 1859ರಲ್ಲಿ, ಗಲ್ಲಿಗೇರುವ ಕೆಲವೇ ತಿಂಗಳ ಮುಂಚೆ, ಬಿಡಿಸಿ ತಂದ ಗುಲಾಮರ ಗುಂಪಿನೊಂದಿಗೆ ಷಿಕಾಗೋಕ್ಕೆ ಬಂದಾಗ ಅವರಿಗೆ ದುಡ್ಡು, ರೈಲು ಹೊಂದಿಸಿಕೊಟ್ಟವನು ಇದೇ ಪಿಂಕರ್ಟನ್.

ಎಂಥ ಮನುಷ್ಯ! ಇಲ್ಲಿಗೇ ಕಥೆ ನಿಂತಿದ್ದರೆ ನಮ್ಮ ಸಂಘದ ಗೋಡೆಯ ಮೇಲೆ ಅವನ ಪಟ ಹಾಕಬಹುದಿತ್ತು.

ಆದರೆ ಕಟ್ಟಿಗೆ ತರಲು ನಡುಗಡ್ಡೆಗೆ ಹೋದವನು ಅಲ್ಲಿ ಖೋಟಾ ನಾಣ್ಯ ಮಾಡುವವರ ಸುಳಿವು ಹಿಡಿದ. ಅದರಿಂದ ಹೆಸರು ಬಂತು. 1850ರ ಹೊತ್ತಿಗೆ ಷಿಕಾಗೋದಲ್ಲಿ ಖಾಸಗಿ ಪತ್ತೇದಾರಿ ಕಚೇರಿ ತೆರೆದ. ಬೋರ್ಡಿನ ಮೇಲೆ ಅಗಲವಾಗಿ ತೆರೆದ ಒಂದು ಕಣ್ಣು, ಕೆಳಗೆ 'ನಾವು ಎಂದೂ ನಿದ್ರಿಸುವುದಿಲ್ಲ' ಎಂಬ ಬರಹ. ಇಂಗ್ಲಿಷಿನಲ್ಲಿ ಖಾಸಗಿ ಪತ್ತೇದಾರನಿಗೆ ಖಾಸಗಿ ಕಣ್ಣು ಎಂಬ ಅಡ್ಡಹೆಸರು ಈ ಬೋರ್ಡಿನಿಂದಲೇ ಬಂತು ಅಂತ ಹಲವರ ಮಾತು. ಗಿರಾಕಿಗಳು ಯಾರು? ರೈಲು ಕಂಪನಿಗಳು, ಬ್ಯಾಂಕುಗಳು, ಗಣಿ ಮಾಲೀಕರು. ಕಣ್ಣು ತೆರೆದೇ ಇತ್ತು ನಿಜ. ಆದರೆ ಆ ಕಣ್ಣಿನ ರೆಪ್ಪೆಗೆ ಕಟ್ಟಿದ ದಾರ ಗಿರಾಕಿಯ ಕೈಯಲ್ಲಿತ್ತು.

*

ಲಂಡನ್ನಿನಲ್ಲಿ ಡಚೆಸ್ಸಳ ಪಟ ಕಳವಾದ ಅದೇ 1876ರ ಮೇ ತಿಂಗಳಲ್ಲಿ ಪಿಂಕರ್ಟನ್ನನ ಕಣ್ಣು ಎಲ್ಲಿತ್ತು? ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಿತ್ತು.

ಅಲ್ಲಿನ ಕಲ್ಲಿದ್ದಲ ಗಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಜನ ಐರಿಷರು. ಗೇಣಿಯೂ ಬರಗಾಲವೂ ಸೇರಿ ಹಿಂಡಿದ ನೆಲದಿಂದ ಹಡಗು ಹತ್ತಿ ಬಂದ ಜನ. ಗಣಿಯೊಳಗೆ ಪುಟ್ಟ ಹುಡುಗರೂ ಕಲ್ಲು ಆರಿಸುತ್ತಿದ್ದರು. 1875ರಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆದು, ಹಸಿವಿಗೆ ಸೋತು ಮುರಿದುಬಿತ್ತು. ಅದಕ್ಕೂ ಮೊದಲೇ, 1873ರಲ್ಲಿ, ರೈಲು ಮತ್ತು ಗಣಿಗಳ ಧಣಿ ಫ್ರಾಂಕ್ಲಿನ್ ಗೋವನ್ ಪಿಂಕರ್ಟನ್ನನನ್ನು ಬಾಡಿಗೆಗೆ ಹಿಡಿದಿದ್ದ. ಪಿಂಕರ್ಟನ್ ಕಳಿಸಿದ್ದು ಜೇಮ್ಸ್ ಮೆಕ್‌ಪಾರ್ಲಂಡ್ ಎಂಬವನನ್ನು. ಅವನೂ ಐರಿಷನೇ, ಅವನೂ ಕ್ಯಾಥೊಲಿಕನೇ, ಅವನೂ ಕೂಲಿ ಮಾಡಿ ಬೆಳೆದವನೇ. ಬೇರೆ ಹೆಸರು ಇಟ್ಟುಕೊಂಡು ಗಣಿಯವರ ನಡುವೆ ಹೊಕ್ಕ. ಅವರ ಹಾಡು ಹಾಡಿದ, ಅವರ ಜೊತೆ ಕುಡಿದ, ಅವರ ಸಂಘ ಸೇರಿದ. ಎರಡು ವರ್ಷ ದಾಟಿದ ಮೇಲೆ ಎದ್ದು ಬಂದು ಕೋರ್ಟಿನಲ್ಲಿ ಒಬ್ಬೊಬ್ಬರ ಕಡೆಗೂ ಬೆರಳು ತೋರಿಸಿದ. ಮಾಲಿ ಮೆಗ್ವಾಯರ್ಸ್ ಎಂಬ ಗುಪ್ತ ಕೂಟದವರು, ಕೊಲೆಗಡುಕರು ಅಂತ.

ಕೊಲೆಗಳು ನಡೆದಿದ್ದವು, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ನ್ಯಾಯ ನಡೆದ ರೀತಿ ನೋಡಿ. ಪತ್ತೆ ಮಾಡಿದ್ದು ಕಂಪನಿಯ ಬಾಡಿಗೆ ಪತ್ತೇದಾರ. ಹಿಡಿದದ್ದು ಕಂಪನಿಗಳ ಖಾಸಗಿ ಪೊಲೀಸರು. ವಾದಿಸಲು ಎದ್ದು ನಿಂತವನು ಅದೇ ಕಂಪನಿಯ ಧಣಿ ಗೋವನ್. ತೀರ್ಪು ಹೇಳಿದ ಜ್ಯೂರಿಯಿಂದ ಐರಿಷ್ ಕ್ಯಾಥೊಲಿಕರನ್ನು ಹೊರಗಿಟ್ಟಿದ್ದರು. 1877ರ ಜೂನ್ 21 ಒಂದೇ ದಿನ ಹತ್ತು ಜನರನ್ನು ಗಲ್ಲಿಗೇರಿಸಿದರು. 1879ರ ಹೊತ್ತಿಗೆ ಒಟ್ಟು ಇಪ್ಪತ್ತು. ಅವರಲ್ಲಿ ಮುಖಂಡ ಎಂದು ನೇಣು ಹಾಕಿದ ಜಾನ್ ಕಿಹೋನನ್ನು ಪೆನ್ಸಿಲ್ವೇನಿಯಾದ ಗವರ್ನರ್ 1979ರಲ್ಲಿ ಪೂರ್ತಿ ಕ್ಷಮಿಸಿದ. ಸತ್ತು ನೂರು ವರ್ಷಗಳ ಮೇಲೆ! ಮಡಕೆ ಒಡೆದ ಮೇಲೆ ಚೆಂಬು ಬಾವಿಯಲ್ಲಿ ಸಿಕ್ಕಿತು.

ಅಲನ್ ಪಿಂಕರ್ಟನ್ 1884ರಲ್ಲಿ ಸತ್ತ. ಮಕ್ಕಳಾದ ವಿಲಿಯಂ ಮತ್ತು ರಾಬರ್ಟ್ ಕಚೇರಿ ನಡೆಸಿದರು. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿ, ಆಂಡ್ರೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯಲ್ಲಿ, ಕೂಲಿ ಕಡಿತದ ಮೇಲೆ ಜಗಳ ಬಿತ್ತು. ಕಾರ್ನೆಗಿಯ ಬಲಗೈ ಹೆನ್ರಿ ಫ್ರಿಕ್ ಕಾರ್ಖಾನೆಗೆ ಬೀಗ ಜಡಿದು, ಸುತ್ತ ಬೇಲಿ ಹಾಕಿಸಿ, 300 ಜನ ಪಿಂಕರ್ಟನ್ನರನ್ನು ತರಿಸಿದ. ಜುಲೈ 6ರ ನಸುಕಿನಲ್ಲಿ ಅವರು ದೋಣಿಗಳಲ್ಲಿ ನದಿಯ ಮೇಲೆ ಬಂದರು. ಗಂಡಸರು ಹೆಂಗಸರು ಮಕ್ಕಳು ಎಲ್ಲ ದಡಕ್ಕೆ ಓಡಿದರು. ಇಡೀ ದಿನ ಗುಂಡು ಹಾರಿತು. ಎರಡೂ ಕಡೆ ಸೇರಿ ಸುಮಾರು ಹತ್ತು ಜನ ಸತ್ತರು. ಆ ದೋಣಿಗಳಲ್ಲಿ ಬಂದವರಾದರೂ ಯಾರು? ಅವರಲ್ಲಿ ಬಹಳಷ್ಟು ಜನ ನ್ಯೂಯಾರ್ಕಿನ, ಷಿಕಾಗೋದ ಕೆಲಸವಿಲ್ಲದ ಬಡ ಹುಡುಗರು. ಎಲ್ಲಿಗೆ ಹೋಗುತ್ತಿದ್ದೇವೆ ಅಂತಲೂ ಗೊತ್ತಿಲ್ಲದವರು. ಹಸಿದವನ ಕೈಗೆ ಬಂದೂಕು ಕೊಟ್ಟು ಹಸಿದವನ ಎದೆಗೆ ಗುರಿಯಿಡಿಸುವುದು, ಇದೇ ಅಲ್ಲವೆ ಎಲ್ಲ ಕಾಲದ ಧಣಿಗಳ ವಿದ್ಯೆ? ಆಮೇಲೆ ಸರ್ಕಾರದ ಸೈನ್ಯ ಬಂತು. ಸಂಘ ಮುರಿಯಿತು.

ಈ ಫ್ರಿಕ್‌ಗೂ ಚಿತ್ರಗಳ ಹುಚ್ಚು. ನ್ಯೂಯಾರ್ಕಿನ ಅವನ ಬಂಗಲೆ 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿಯೂ ಗೇನ್ಸ್‌ಬರೋನ ಪಟಗಳಿವೆ. ಟೋಪಿಯ ಹೆಂಗಸರು ನಗುತ್ತಾರೆ. ಹೋಮ್‌ಸ್ಟೆಡ್ಡಿನ ದಡದಲ್ಲಿ ಬಿದ್ದವರ ಮುಖಗಳು ಮಾತ್ರ ಆ ಗೋಡೆಗಳಲ್ಲಿ ಇಲ್ಲ.

*

ಈಗ ಕಳವಾದ ಪಟಕ್ಕೆ ವಾಪಸು ಬರೋಣ.

ಆಡಂ ವರ್ತ್ ಅದೇ 1892ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದ. 1897ರಲ್ಲಿ ಹೊರಗೆ ಬಂದಾಗ ಮೈಯಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಉಳಿದದ್ದು ಡಚೆಸ್ ಒಬ್ಬಳೇ. 1899ರಲ್ಲಿ ಅವನು ತಾನಾಗಿಯೇ ಷಿಕಾಗೋಕ್ಕೆ ಹೋಗಿ ವಿಲಿಯಂ ಪಿಂಕರ್ಟನ್ನನ ಎದುರು ಕೂತ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೆನ್ನು ಹತ್ತಿದ ಪತ್ತೇದಾರ, ತಪ್ಪಿಸಿಕೊಂಡ ಕಳ್ಳ, ಇಬ್ಬರೂ ಎದುರುಬದುರು ಕೂತು ಹಳೇ ಗೆಳೆಯರ ಹಾಗೆ ಮಾತಾಡಿದರು. ಆಗ್ನ್ಯೂ ಕಂಪನಿಯ ಜೊತೆ ವ್ಯವಹಾರ ಕುದುರಿತು. 1901ರ ಮಾರ್ಚ್ 28ರಂದು ಷಿಕಾಗೋದ ಆಡಿಟೋರಿಯಂ ಹೋಟೆಲಿನಲ್ಲಿ ಪಟ ಒಡೆಯರ ಕೈ ಸೇರಿತು. ಕಳ್ಳನಿಗೆ ದುಡ್ಡು ಸಿಕ್ಕಿತು, ಶಿಕ್ಷೆ ಸಿಗಲಿಲ್ಲ.

ಗಮನಿಸಿ ಗೆಳೆಯರೆ. ಗಣಿಯ ಕೂಲಿಗಳ ವಿಷಯದಲ್ಲಿ ಅದೇ ಕಚೇರಿ ಇಪ್ಪತ್ತು ಕುಣಿಕೆ ಕಟ್ಟಿಸಿತು. ಒಡೆಯರ ಪಟದ ವಿಷಯದಲ್ಲಿ ಹೋಟೆಲಿನಲ್ಲಿ ಕೂತು ಚೌಕಾಸಿ ಮಾಡಿತು. ಯಾಕೆ? ಗಿರಾಕಿಗೆ ಅಲ್ಲಿ ಬೇಕಾಗಿದ್ದದ್ದು ಕೂಲಿಗಳ ಸೋಲು, ಇಲ್ಲಿ ಬೇಕಾಗಿದ್ದದ್ದು ಪಟ. ನ್ಯಾಯ ಎರಡು ಕಡೆಯೂ ಬೇಕಾಗಿರಲಿಲ್ಲ.

ಪಟ ಕೊಂಡವನು ಯಾರು? ಪಿಯರ್‌ಪಾಂಟ್ ಮೋರ್ಗನ್. ಇಪ್ಪತ್ತೈದು ವರ್ಷಗಳ ಹಿಂದೆ ಅಪ್ಪ ಉಡುಗೊರೆ ಕೊಡಬೇಕೆಂದಿದ್ದ ಪಟವನ್ನು ಮಗ ತಾನೇ ಕೊಂಡು ಲಂಡನ್ನಿನ ಮನೆಯಲ್ಲಿ ನೇತುಹಾಕಿದ. ಎಷ್ಟು ಕೊಟ್ಟ ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅದೇ 1901ರ ವಸಂತದಲ್ಲಿ ಈ ಮೋರ್ಗನ್ ಕಾರ್ನೆಗಿಯ ಉಕ್ಕಿನ ಉದ್ಯಮವನ್ನೆಲ್ಲ 48 ಕೋಟಿ ಡಾಲರಿಗೆ ಕೊಂಡು ಯು.ಎಸ್. ಸ್ಟೀಲ್ ಎಂಬ ದೈತ್ಯ ಕಂಪನಿ ಕಟ್ಟಿದ್ದ. ಅದರಲ್ಲಿ ಹೋಮ್‌ಸ್ಟೆಡ್ ಕಾರ್ಖಾನೆಯೂ ಸೇರಿತ್ತು. ಐರಿಷ್ ರೈತನ ಗೇಣಿಯಿಂದ ಮೆರೆದ ಡಚೆಸ್ ಉಕ್ಕಿನ ಕಾರ್ಮಿಕನ ಬೆವರು ಸೇರಿದ ಮನೆಗೆ ಬಂದಳು. ನಡುವೆ ಇಪ್ಪತ್ತೈದು ವರ್ಷ ಕಳ್ಳನ ಪೆಟ್ಟಿಗೆಯಲ್ಲಿ ಇದ್ದಳು. ಈ ಮೂರರಲ್ಲಿ ಕಳವು ಎಂದು ದಾಖಲಾದದ್ದು ಒಂದೇ. 1994ರಲ್ಲಿ ಪಟ ಮತ್ತೆ ಹರಾಜಾಗಿ, ಡೆವನ್‌ಶೈರ್ ಡ್ಯೂಕನೇ ಕೊಂಡು ಚಾಟ್ಸ್‌ವರ್ತ್ ಅರಮನೆಗೆ ಒಯ್ದ. ಸುತ್ತು ಪೂರ್ತಿಯಾಯಿತು.

*

ಇಂಗ್ಲಿಷರ ಪತ್ತೇದಾರಿ ಕಥೆಗಳು ಈ ಕಾಲದಲ್ಲೇ ಬೆಳೆದವು. ಆರ್ಥರ್ ಕಾನನ್ ಡಾಯ್ಲನ ಖಳನಾಯಕ ಮೊರಿಯಾರ್ಟಿಗೆ ಈ ಆಡಂ ವರ್ತನೇ ಮಾದರಿ ಎಂದು ಬಹಳ ಜನ ನಂಬುತ್ತಾರೆ. ಅದೇ ಡಾಯ್ಲ್ 'ದಿ ವ್ಯಾಲಿ ಆಫ್ ಫಿಯರ್' ಕಾದಂಬರಿಯಲ್ಲಿ ಗಣಿ ಕಾರ್ಮಿಕರ ಕೂಟಕ್ಕೆ ನುಗ್ಗಿದ ಪಿಂಕರ್ಟನ್ ಗೂಢಚಾರನನ್ನು ನಾಯಕನನ್ನಾಗಿ ಮಾಡಿದ. ಹೀಗೆ ಮೆಕ್‌ಪಾರ್ಲಂಡನ ಕೆಲಸ ಸಾಹಸವಾಯಿತು, ನೇಣಿಗೆ ಹೋದವರು ಖಳರಾದರು.

ಇಂಗ್ಲಿಷಿನ ಮೊದಲ ಪತ್ತೇದಾರಿ ಕಾದಂಬರಿ ಎಂದು ಹಲವರು ಕರೆಯುವ, 1868ರಲ್ಲಿ ಬಂದ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಶುರುವಾಗುವುದು ಲಂಡನ್ನಿನಲ್ಲಲ್ಲ. ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4, ಟಿಪ್ಪು ಬಿದ್ದ ದಿನ. ಕೋಟೆಗೆ ನುಗ್ಗಿದ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಒಂದು ವಜ್ರ ಕದಿಯುತ್ತಾನೆ. ಅದು ಇಂಗ್ಲೆಂಡಿನ ಶ್ರೀಮಂತರ ಮನೆ ಸೇರಿ, ಅಲ್ಲಿ ಇನ್ನೊಮ್ಮೆ ಕಳವಾದಾಗ ಪತ್ತೇದಾರ ಬರುತ್ತಾನೆ. ಅಂದರೆ ಕಾವೇರಿ ದಡದಲ್ಲಿ ಕದ್ದಾಗ ಪತ್ತೇದಾರ ಬರಲಿಲ್ಲ, ಕದ್ದವರ ಮನೆಯಲ್ಲಿ ಕಳವಾದಾಗ ಬಂದ. ಬಂದವನು ಯಾರನ್ನು ಶಂಕಿಸುತ್ತಾನೆ? ಶಂಕಿತರಲ್ಲಿ ಒಬ್ಬಳು, ಹಿಂದೆ ಜೈಲು ಕಂಡಿದ್ದ ಮನೆಗೆಲಸದ ಹುಡುಗಿ ರೊಸಾನ. ಅವಳು ಹುದುಲಿಗೆ ಬಿದ್ದು ಸಾಯುತ್ತಾಳೆ. ಕೊನೆಗೆ ಕಳ್ಳ ಎಂದು ಗೊತ್ತಾಗುವುದು ದಾನಧರ್ಮಕ್ಕೆ ಹೆಸರಾದ ಸಭ್ಯಸ್ಥ. ಕಾಲಿನ್ಸ್ ಇಷ್ಟು ಸತ್ಯವನ್ನಾದರೂ ಕಂಡಿದ್ದ, ಅವನಿಗೆ ನಮಸ್ಕಾರ. ವಜ್ರವನ್ನು ವಾಪಸು ತರಲು ಹೊರಡುವವರು ಮೂವರು ಬ್ರಾಹ್ಮಣರು. ಆ ಕಲ್ಲನ್ನು ನೆಲದಿಂದ ಅಗೆದವರು ಯಾರು ಎಂಬುದು ಮಾತ್ರ ಅಲ್ಲಿಯೂ ಇಲ್ಲ.

ಅದು ಕಥೆ. ನಿಜವಾಗಿ ನಡೆದದ್ದು ಇನ್ನೂ ಕಟು. ಶ್ರೀರಂಗಪಟ್ಟಣದಲ್ಲಿ ಸೈನಿಕರು ಮನೆಮನೆ ನುಗ್ಗಿ ದೋಚಿದಾಗ ಆರ್ಥರ್ ವೆಲ್ಲೆಸ್ಲಿ ನಾಲ್ವರನ್ನು ನೇಣಿಗೆ ಹಾಕಿಸಿ ಶಿಸ್ತು ತಂದ. ಆಮೇಲೆ ಟಿಪ್ಪುವಿನ ಖಜಾನೆಯನ್ನು ಲೆಕ್ಕ ಬರೆದು, ದರ್ಜೆಗೆ ತಕ್ಕಂತೆ ಹಂಚಿದರು. ದಂಡನಾಯಕ ಜನರಲ್ ಹ್ಯಾರಿಸನ ಪಾಲು ಒಂದು ಲಕ್ಷ ಪೌಂಡಿಗೂ ಮೀರಿತ್ತು. ಜೇಬಿಗೆ ಹಾಕಿಕೊಂಡವನು ಕಳ್ಳ, ರಸೀದಿ ಬರೆದು ಹಂಚಿಕೊಂಡವನು ಪ್ರಭು. ಟಿಪ್ಪುವಿನ ಮರದ ಹುಲಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಬಾಂಡ್ ಸ್ಟ್ರೀಟಿನ ಪಟಕ್ಕಾಗಿ ಪೊಲೀಸರು ತಡಕಾಡುತ್ತಿದ್ದಾಗ ಅದೇ ಊರಿನಲ್ಲಿ ಆ ಹುಲಿ ಎಲ್ಲರ ಕಣ್ಣೆದುರಿಗೇ ಇತ್ತು. ಯಾವ ಪತ್ತೇದಾರನೂ ಅದನ್ನು ಕಳವಿನ ಮಾಲು ಎನ್ನಲಿಲ್ಲ.

ಅದೇ 1876ರಲ್ಲಿ ಮೈಸೂರು ಸೀಮೆಯಲ್ಲಿ ಮಳೆ ಹೋಯಿತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅಂತ ಕರೆದದ್ದು ಇದನ್ನೇ. ಆಗ ಮೈಸೂರನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರು. 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರುವಾಗ ಇಲ್ಲಿ ಹೆಣ ಹೂಳುವವರಿರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರಿನ ಜನ 50 ಲಕ್ಷ ದಾಟಿದ್ದರು. 1881ರಲ್ಲಿ 42 ಲಕ್ಷ ತುಂಬಲಿಲ್ಲ. ಒಂದು ಪಟ ಕಾಣೆಯಾದರೆ 1,000 ಪೌಂಡು ಬಹುಮಾನ. ಲಕ್ಷ ಲಕ್ಷ ಜನ ಕಾಣೆಯಾದರೆ ವರದಿಯಲ್ಲಿ ಒಂದು ಕೋಷ್ಟಕ.

*

ಇಷ್ಟು ಹೇಳಿ ಮುಗಿಸಿದರೆ ಬ್ರಿಟಿಷರನ್ನು ಬೈದ ಹಾಗಾಯಿತು ಅಷ್ಟೇ. ಬೈಗುಳ ಸುಲಭ. ನಮ್ಮನ್ನು ನಿದ್ದೆಗೆಡಿಸುವವನು ಅಲನ್ ಪಿಂಕರ್ಟನ್.

ಯಾಕೆಂದರೆ ಅವನು ನಮ್ಮಂತೆಯೇ ಶುರು ಮಾಡಿದವನು. ಕೇರಿಯಲ್ಲಿ ಹುಟ್ಟಿದವನು, ಚಳವಳಿಯಲ್ಲಿ ಕೂಗಿದವನು, ಗುಲಾಮರನ್ನು ಬಿಡಿಸಿದವನು. ಅವನನ್ನು ಧಣಿಗಳು ಒಂದೇ ಸಲಕ್ಕೆ ಕೊಂಡುಕೊಳ್ಳಲಿಲ್ಲ. ಒಂದು ಕೇಸು, ಆಮೇಲೆ ಇನ್ನೊಂದು, ಆಮೇಲೆ ಕಚೇರಿ, ಆಮೇಲೆ ಹೆಸರು. ತಾನು ಬದಲಾದೆ ಅಂತ ಅವನಿಗೆ ಅನ್ನಿಸಿರಲಿಕ್ಕೂ ಇಲ್ಲ. ಕಳ್ಳರನ್ನು ಹಿಡಿಯುವುದು ಒಳ್ಳೆಯ ಕೆಲಸವೇ ತಾನೆ? ಆದರೆ ಕಳ್ಳ ಯಾರು ಎಂದು ಹೇಳುವ ಅಧಿಕಾರವನ್ನು ಗಿರಾಕಿಗೆ ಬಿಟ್ಟುಕೊಟ್ಟ ದಿನ ಅವನ ಕಣ್ಣು ಅವನದಾಗಿ ಉಳಿಯಲಿಲ್ಲ.

ಇದು ನಮಗೆ ಹೊಸದೇನಲ್ಲ. ನಮ್ಮೂರುಗಳ ತೋಟಿ ತಳವಾರರು ಯಾರು? ನಮ್ಮ ಮುತ್ತಜ್ಜಂದಿರು. ಊರಿನ ಬೆಳೆ ಕಾದವರು, ಎಲ್ಲೆಯ ಕಲ್ಲು ಬಲ್ಲವರು, ಹೆಜ್ಜೆಗುರುತು ನೋಡಿ ಕಳ್ಳನ ಜಾಡು ಹೇಳುತ್ತಿದ್ದವರು. ಷರ್ಲಾಕ್ ಹೋಮ್ಸನಿಗಿಂತ ಮೊದಲೇ ಇದ್ದ ಪತ್ತೇದಾರರು ಅವರು! ಆದರೆ ರಾತ್ರಿಯೆಲ್ಲ ಕಣ್ಣು ಮುಚ್ಚದೆ ಕಾದದ್ದು ಯಾರ ಕಣ? ಕಾದವನ ಪಾಲಿಗೆ ಕಣದಂಚಿನ ಕಸುಕಲು. ಗೌಡರು ಹೇಳಿದಾಗ ತನ್ನ ಕೇರಿಯವನನ್ನೇ ಚಾವಡಿಗೆ ಎಳೆದು ತರಬೇಕಾದ ಕರ್ಮವೂ ಅವನದೇ. ಅವನಿಗೆ ಬೇರೆ ದಾರಿ ಇರಲಿಲ್ಲ. ಹುಟ್ಟೇ ಅವನನ್ನು ಆ ಕೆಲಸಕ್ಕೆ ಕಟ್ಟಿಹಾಕಿತ್ತು. 1961ರ ಕಾಯಿದೆ ಆ ಪರಂಪರೆಯ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು. ತಳವಾರಿಕೆ ಹೋಯಿತೆ?

ಪಿಂಕರ್ಟನ್ನನಿಗೆ ದಾರಿ ಇತ್ತು. ನಮಗೂ ಇದೆ. ಅಪ್ಪ ಅವ್ವ ಹೆಬ್ಬೆಟ್ಟಿನವರಾಗಿದ್ದು, ನಾವು ಪದವಿ ಹೊತ್ತು ಹೊರಗೆ ಬಂದವರು. ನಮ್ಮಲ್ಲಿ ಒಬ್ಬ ಸಬ್‌ಇನ್‌ಸ್ಪೆಕ್ಟರ್ ಆಗುತ್ತಾನೆ, ಒಬ್ಬಳು ತಹಸೀಲ್ದಾರ್ ಆಗುತ್ತಾಳೆ, ಒಬ್ಬ ಮೇಷ್ಟ್ರು, ಒಬ್ಬ ಪತ್ರಕರ್ತ. ಆಗಲೇಬೇಕು. ಕೆಲಸ ಬೇಡ ಅಂತ ಹೇಳುವ ಸೊಕ್ಕು ನಮಗಿಲ್ಲ, ಮನೆಯಲ್ಲಿ ಒಲೆ ಉರಿಯಬೇಕು. ಆದರೆ ನಮ್ಮ ಕೈಗೆ ಲಾಠಿ, ಮೊಹರು, ಲೇಖನಿ ಕೊಟ್ಟು, ಯಾವ ಗುಡಿಸಲು ತಡಕಬೇಕು ಅಂತ ಯಾರೋ ಬೆರಳು ತೋರಿಸಿದ ದಿನ ಒಂದು ಗಳಿಗೆ ನಿಲ್ಲಬೇಕು. ಕಳವಾದದ್ದು ಏನು? ಅದು ಅವರಿಗೆ ಬಂದದ್ದು ಎಲ್ಲಿಂದ? ಇಷ್ಟು ಕೇಳಿದರೆ ಸಾಕು. ಧಣಿಗೆ ಅಷ್ಟಕ್ಕೇ ಸಿಟ್ಟು ಬರುತ್ತದೆ. ಆ ಸಿಟ್ಟೇ ನಮಗೆ ಮೊದಲ ಸುಳಿವು.

ಆಡಂ ವರ್ತ್ 1902ರ ಜನವರಿಯಲ್ಲಿ ಸತ್ತ. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ, ದಿಕ್ಕಿಲ್ಲದ ಬಡವರ ಗುಂಡಿಯಲ್ಲಿ, ಸುಳ್ಳು ಹೆಸರಿನಲ್ಲಿ ಅವನನ್ನು ಹೂಳಿದರು. ಅದೇ ಸ್ಮಶಾನದಲ್ಲಿ 1883ರಿಂದ ಇನ್ನೊಬ್ಬ ಮಲಗಿದ್ದಾನೆ. ಅವನೂ ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿಗೆ ಬಂದವನೇ. ಅವನು ಯಾರ ಕಿಟಕಿಯನ್ನೂ ಮೀಟಲಿಲ್ಲ. ಲೈಬ್ರರಿಯಲ್ಲಿ ಕೂತು, ಧಣಿಗಳ ಲೆಕ್ಕದ ಪುಸ್ತಕ ಬಿಚ್ಚಿ, ಕೂಲಿಯೊಳಗೆ ನಡೆಯುವ ಕಳವಿನ ಜಾಡು ಹಿಡಿದ. ಅವನಿಗೆ ಸಂಬಳ ಕೊಟ್ಟ ಗಿರಾಕಿ ಇರಲಿಲ್ಲ. ಹೆಸರು ಕಾರ್ಲ್ ಮಾರ್ಕ್ಸ್.

ಇನ್ನೊಬ್ಬರು ನಮ್ಮಲ್ಲೇ ಹುಟ್ಟಿದರು. ಅದೇ ಲಂಡನ್ನಿನಲ್ಲಿ ಓದಿ ಬಂದು, ಶಾಸ್ತ್ರದ ಪುಸ್ತಕಗಳ ಹಾಳೆ ಹಾಳೆ ತಿರುವಿ, ನಮ್ಮ ಮನುಷ್ಯತನ ಕದ್ದದ್ದು ಯಾರು ಎಂದು ಸಾಕ್ಷಿ ಸಮೇತ ಬರೆದಿಟ್ಟರು. ಅವರ ಹೆಸರನ್ನು ನಮ್ಮ ಕೇರಿಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಪತ್ತೇದಾರರು ಅಂದರೆ ಇವರು. ಓದು ಕಲಿತ ನಾವು ಹೋಗಿ ನಿಲ್ಲಬೇಕಾದದ್ದು ಇವರ ಪಕ್ಕದಲ್ಲಿ, ಪಿಂಕರ್ಟನ್ನನ ದೋಣಿಯಲ್ಲಲ್ಲ.